ಎರಡು ತಟ್ಟು, ಒಂದು ಉತ್ತರ

ಅಪ್ಪನಿಗೆ ಕಣ್ಣು ಕಾಣಿಸುತ್ತಿಲ್ಲ ಎಂಬುದು ನನಗೆ ತಿಳಿಯುವಷ್ಟರಲ್ಲಿ ಅವರು ಕಣ್ಣಿಲ್ಲದೆ ಬದುಕುವುದನ್ನು ಅರ್ಧ ಕಲಿತುಬಿಟ್ಟಿದ್ದರು. ಅವರು ಇರುವುದೇ ಹಾಗೆ. ಜ್ವರ ಬಂದರೂ ಅದು ಬಿಟ್ಟ ಮೇಲೆಯೇ ಹೇಳುವ ಮನುಷ್ಯ. ಒಂದು ದಿನ ಅನ್ನಕ್ಕೆ ಹಾಕಿಕೊಳ್ಳಬೇಕಿದ್ದ ತುಪ್ಪವನ್ನು ತಟ್ಟೆಯ ಪಕ್ಕಕ್ಕೆ ಸುರಿದರು. ನಾನು ಗದರಿಸಿ ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದೆ. ಗ್ಲಾಕೋಮಾ ಅಂದರು. ಅಕ್ಕಪಕ್ಕದ ನೋಟ ಪೂರ್ತಿ ಹೋಗಿದೆ, ನಡುವೆ ಉಳಿದಿರುವುದೂ ಮಂಜು. ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿಕೊಂಡು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಅಪ್ಪ ಗಂಭೀರವಾಗಿ ತಲೆಯಾಡಿಸಿದರು. ಹೊರಗೆ ಬಂದ ಮೇಲೆ, "ಕಿವಿ ಚೆನ್ನಾಗಿದೆ ಅಂತ ಒಂದ್ ಮಾತು ಹೇಳ್ಲೇ ಇಲ್ಲ ನೋಡು" ಎಂದರು.

ಕಿವಿ ನಿಜಕ್ಕೂ ಚೆನ್ನಾಗಿತ್ತು. ಸರ್ಕಾರಿ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ತಗಡನ್ನು ಒತ್ತಿ ಕತ್ತರಿಸುವ ಯಂತ್ರಗಳ ನಡುವೆ, ಅವರು ಇಡೀ ನೌಕರಿ ಮುಗಿಸಿದ್ದರು. ಜೊತೆಯವರಲ್ಲಿ ಬಹಳ ಮಂದಿ ಕಿವುಡರಾದರು. ಅಪ್ಪ ಮಾತ್ರ ಬೆಳಗ್ಗೆ ಸೈಕಲ್ ಹತ್ತುವಾಗಲೇ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಅದಕ್ಕಾಗಿ ಅವರನ್ನು ಹೆಂಗಸು ಎಂದು ಗೇಲಿ ಮಾಡಿದವರಿಗೆ ಈಗ ಫೋನಿನಲ್ಲಿ ನಾವೇ ಕಿರುಚಬೇಕು.

ನಮ್ಮ ಮನೆ ಇಂದಿರಾನಗರದ ಅಂಚಿನಲ್ಲಿ, ಹಳೇ ಮದ್ರಾಸು ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿದೆ. ಅಮ್ಮ ತೀರಿಕೊಂಡ ಮೇಲೆ ನಾನು, ಅಪ್ಪ ಇಬ್ಬರೇ. ನಾನು ಶಿವಾಜಿನಗರದ ಕಡೆ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ರಸ್ತೆಯ ಆಚೆ, ಹಲಸೂರಿನ ಕಡೆಯ ಓಣಿಯೊಂದರಲ್ಲಿ, ಅಪ್ಪನ ಜೊತೆ ಒಂದೇ ಪ್ರೆಸ್ಸಿನಲ್ಲಿ ದುಡಿದ ಗೆಳೆಯರ ಮನೆ. ಚಿಕ್ಕಂದಿನಿಂದ ನಾನು ಅವರನ್ನು ಚಾಚಾ ಎನ್ನುತ್ತೇನೆ. ಅವರು ಅಪ್ಪನನ್ನು ಉಸ್ತಾದ್ ಎನ್ನುತ್ತಿದ್ದರು. "ಕ್ಯಾ ಉಸ್ತಾದ್, ಆರಾ ಕಿ ನೈ?", ಬರ್ತೀಯೋ ಇಲ್ಲವೋ ಎಂದು ಗೇಟಿನಿಂದಲೇ ಕೂಗಿದರೆ ಅಪ್ಪ ಅರ್ಧ ತಿಂದ ದೋಸೆ ಬಿಟ್ಟು ಏಳುತ್ತಿದ್ದರು.

ಆ ಚಾಚಾಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಅದರ ಜೊತೆಗೆ ಮಾತು, ಎಲ್ಲ ಒಂದೇ ಬೆಳಗ್ಗೆ ಹೋದವು. ಉಳಿದದ್ದು ಎಡಗೈ. ಅದರಲ್ಲೂ ಎರಡು ಬೆರಳು ಬಹಳ ಹಿಂದೆಯೇ ಪ್ರೆಸ್ಸಿಗೆ ಸಿಕ್ಕಿ ಹೋಗಿದ್ದವು. ಮಿಕ್ಕ ಬೆರಳುಗಳಲ್ಲಿ ಒಂದಕ್ಕೆ ಉಂಗುರವಿತ್ತು. ಅದರಿಂದ ಕಬ್ಬಿಣದ ಮಂಚದ ಸರಳನ್ನು ತಟ್ಟುವುದೇ ಅವರ ಮಾತಾಯಿತು. ಮನೆಯವರಿಗೆ ಅದು ಬರೀ ಸದ್ದು. ಅಪ್ಪನಿಗೆ ಮಾತ್ರ ಅರ್ಥವಾಗುತ್ತಿತ್ತು. ಹೀಗೆ ದಿನಾ ಮಧ್ಯಾಹ್ನ ಊಟವಾದ ಮೇಲೆ, ಕಾಣದವರು ರಸ್ತೆ ದಾಟಿ ಮಾತನಾಡಲಾರದವರ ಮನೆಗೆ ಹೋಗುತ್ತಿದ್ದರು. ನಾನು ಆ ಹೊತ್ತಿಗೆ ಕಚೇರಿಯಲ್ಲಿರುತ್ತಿದ್ದೆ.

"ಹೋಗ್ಬೇಡಿ ಅಪ್ಪ, ಶನಿವಾರ ಭಾನುವಾರ ನಾನೇ ಕರ್ಕೊಂಡ್ ಹೋಗ್ತೀನಿ" ಎಂದರೆ, "ಆಯ್ತಮ್ಮ" ಎನ್ನುತ್ತಿದ್ದರು. ಅವರ "ಆಯ್ತಮ್ಮ" ಎಂದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ ಎಂದರ್ಥ.

ರಜೆಯ ದಿನವೊಂದರಲ್ಲಿ, ನಾನು ಮಲಗಿದ್ದೇನೆ ಎಂದುಕೊಂಡು ಅವರು ಮೆಲ್ಲಗೆ ಚಿಲಕ ತೆಗೆದು ಹೊರಟರು. ನಾನು ಹಿಂದೆ ಹಿಂದೆಯೇ ಹೋದೆ. ಜಗಳ ಕಾಯುವ ಉದ್ದೇಶ ನನ್ನದು. ಸಿಗ್ನಲ್ ಹತ್ತಿರ ಅವರು ಕಂಬದ ಪಕ್ಕ ನಿಂತರು. ಮೇಲೆ ಮೆಟ್ರೋ, ಕೆಳಗೆ ಎರಡೂ ಕಡೆ ವಾಹನಗಳ ಹೊಳೆ. ಅಪ್ಪ ಕೋಲಿನಿಂದ ಸಿಗ್ನಲ್ ಕಂಬಕ್ಕೆ ಎರಡು ಸಲ ತಟ್ಟಿದರು. ತಲೆ ಸ್ವಲ್ಪ ವಾಲಿಸಿ ಕಾದರು. ಕೆಂಪು ದೀಪ ಬಂತು, ವಾಹನಗಳು ನಿಂತವು. ಆಗಲೂ ಅವರು ಕದಲಲಿಲ್ಲ. ಇನ್ನೂ ಸ್ವಲ್ಪ ಕಾದು, ಯಾರೋ ಒಳಗಿನಿಂದ ಬಾ ಎಂದರೇನೋ ಎಂಬಂತೆ ಇಳಿದು ನೇರವಾಗಿ ದಾಟಿಬಿಟ್ಟರು. ಕಣ್ಣಿರುವ ನಾನು ಈಚೆಯೇ ಉಳಿದೆ. ನಾನು ಹೆಜ್ಜೆ ಎತ್ತುವಷ್ಟರಲ್ಲಿ ಹಸಿರು ಬಂದಿತ್ತು.

ಸಂಜೆ ಜಗಳವಾಡಬೇಕಾದ ಹೊತ್ತಿನಲ್ಲಿ ಕುತೂಹಲ ಗೆದ್ದಿತು. ಕಂಬಕ್ಕೆ ಯಾಕೆ ತಟ್ಟಿದಿರಿ ಎಂದು ಕೇಳಿದೆ.

ಅಪ್ಪ ಹೇಳಿದ್ದು ಇದು. ಪ್ರೆಸ್ ಶಾಪಿನ ಗದ್ದಲದಲ್ಲಿ ಬಾಯಿಮಾತು ನಡೆಯುವುದಿಲ್ಲ, ಆದರೆ ಕಬ್ಬಿಣಕ್ಕೆ ತಟ್ಟಿದರೆ ಅದರ ಅದುರು ಕೈಗೆ ತಿಳಿಯುತ್ತದೆ. ಒಬ್ಬ ಯಂತ್ರದ ಬಾಯೊಳಗೆ ಕೈ ಹಾಕಿ ಅಚ್ಚು ಕೂರಿಸುತ್ತಿರುತ್ತಾನೆ, ಇನ್ನೊಬ್ಬ ಆಚೆ ಬದಿಯಲ್ಲಿ ಸ್ವಿಚ್ಚಿನ ಹತ್ತಿರ ನಿಂತಿರುತ್ತಾನೆ. ಸ್ವಿಚ್ಚಿನವನು ಸ್ಪ್ಯಾನರಿನಿಂದ ಯಂತ್ರದ ಮೈಗೆ ಎರಡು ಸಲ ತಟ್ಟುತ್ತಾನೆ. ಶುರು ಮಾಡಲೇ ಎಂದು. ಒಳಗೆ ಕೈ ಹಾಕಿದವನು ಕೈ ತೆಗೆದ ಮೇಲೆ ಒಂದು ಸಲ ತಟ್ಟುತ್ತಾನೆ. ಮಾಡು ಎಂದು. ಆ ಒಂದು ತಟ್ಟು ಬರುವವರೆಗೆ, ಮ್ಯಾನೇಜರ್ ಬಂದು ಕತ್ತಿನ ಮೇಲೆ ಕೂತರೂ ಸ್ವಿಚ್ಚು ಒತ್ತುವಂತಿಲ್ಲ.

"ಚಾಚಾದು ಬೆರಳು ಹೋಗಿದ್ದು?"

"ಉತ್ರ ಅವನು ಕೊಡ್ಲಿಲ್ಲ. ಪಕ್ಕದಲ್ಲಿ ಒಬ್ಬ ಹೊಸಬ ನಿಂತಿದ್ದ. ನೋಡ್ದೆ ಅವನು ತಟ್ಬಿಟ್ಟ. ಸ್ವಿಚ್ಚಿನ ಹತ್ರ ಇದ್ದೋನು ಪಾಪ, ಉತ್ರ ಬಂತಲ್ಲ ಅಂತ ಒತ್ತಿದ." ಅಪ್ಪ ತಮ್ಮ ಎಡಗೈ ಬೆರಳುಗಳನ್ನು ಸವರಿಕೊಂಡರು. "ತಟ್ಟೋನು ನೋಡಿ ತಟ್ಬೇಕು ಕಣಮ್ಮ. ಇನ್ನೊಬ್ಬನ ಕೈ ಅದು."

"ಅದು ಸರಿ. ರಸ್ತೇಲಿ ನಿಮಗೆ ಉತ್ತರ ಕೊಡೋರು ಯಾರು?"

"ಇಂಜಿನ್ನು" ಎಂದರು. ಸಿಗ್ನಲ್ ಬಿದ್ದರೆ ಮೊದಲು ಬಸ್ಸು ಉಸಿರು ಬಿಡುತ್ತದೆ, ಆಮೇಲೆ ಆಟೋಗಳ ಗೊರಕೆ ನಿಲ್ಲುತ್ತದೆ, ಕೊನೆಗೆ ಪೆಟ್ರೋಲ್ ಉಳಿಸುವ ಬೈಕಿನವರು ಒಬ್ಬೊಬ್ಬರಾಗಿ ಆಫ್ ಮಾಡುತ್ತಾರೆ. ಆ ಸದ್ದಿಲ್ಲದ ಗಳಿಗೆಯೇ ಉತ್ತರ. ಮತ್ತೆ ಸ್ಟಾರ್ಟ್ ಮಾಡುವ ಸದ್ದು ಕೇಳಿದರೆ ಮುಗಿಯಿತು, ಅಷ್ಟರೊಳಗೆ ಆಚೆ ಇರಬೇಕು.

ನನಗೆ ನಗು ಬಂತು, ಹೆಮ್ಮೆಯೂ ಆಯಿತು. ಆ ರಾತ್ರಿ ಊಟಕ್ಕೆ ಕೂತಾಗ ತಟ್ಟೆಗೆ ಎರಡು ಸಲ ತಟ್ಟಿ, "ಸಾರು ಬಡಿಸ್ಲಾ?" ಎಂದೆ. ಅಪ್ಪ ಲೋಟಕ್ಕೆ ಒಂದು ಸಲ ತಟ್ಟಿದರು. ಜಗಳ ಆಡುವುದು ಮರೆತೇ ಹೋಯಿತು.

ಆದರೆ ನಮ್ಮ ಬೀದಿಯಲ್ಲಿ ಒಂದೊಂದಾಗಿ ಸದ್ದಿಲ್ಲದ ಗಾಡಿಗಳು ಬರುತ್ತಿದ್ದವು. ಮೊದಲು ಊಟ ತಂದುಕೊಡುವವರ ಸ್ಕೂಟರು, ಆಮೇಲೆ ಎದುರು ಮನೆಯವರ ಕಾರು, ಕೊನೆಗೆ ಆಟೋ ಕೂಡ. ಹೊಗೆಯಿಲ್ಲ, ಗಲಾಟೆಯಿಲ್ಲ, ಒಳ್ಳೆಯದೇ ಎಂದು ನಾನೇ ಕಚೇರಿಯಲ್ಲಿ ವಾದ ಮಾಡಿದವಳು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಮಾಡಿದವರು ಕಣ್ಣು ಮುಚ್ಚಿಕೊಂಡು ರಸ್ತೆ ದಾಟಿರಲಿಕ್ಕಿಲ್ಲ.

ಅಪ್ಪ ಬಿದ್ದ ಸುದ್ದಿ ಕಚೇರಿಗೆ ಬಂದಾಗ ನಾನು ಮಧ್ಯಾಹ್ನದ ಡಬ್ಬಿ ತೊಳೆಯುತ್ತಿದ್ದೆ. ಹೇಗೆ ಹೋದೆ ಎಂಬುದು ನೆನಪಿಲ್ಲ. ಸಿಗ್ನಲ್ ಪಕ್ಕದ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಎಡಗೈ ಹಿಡಿದುಕೊಂಡು ಕೂತಿದ್ದರು. ಒಂದು ಚಪ್ಪಲಿ ಇರಲಿಲ್ಲ. ಪಕ್ಕದಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರು ಅಳುತ್ತಾ ನಿಂತಿದ್ದರು. ಅವರ ಎಲೆಕ್ಟ್ರಿಕ್ ಸ್ಕೂಟರಿನ ಮುಂದೆ ಶಿವಾಜಿನಗರದ ಬಟ್ಟೆ ಅಂಗಡಿಯ ಚೀಲಗಳು ಚೆಲ್ಲಿದ್ದವು. ನಾನು ಬಯ್ಯಲು ಬಾಯಿ ತೆರೆದೇ ಹೋಗಿದ್ದೆ. ಬೈಗುಳಕ್ಕೆ ನನಗೆ ಎಂದೂ ಬರ ಇಲ್ಲ.

"ನಂಗೆ ಫ್ರೀ ಲೆಫ್ಟ್ ಇತ್ತು ಮೇಡಂ" ಎಂದರು ಆಕೆ. "ಎಲ್ರೂ ತಿರುಗ್ತಾ ಇದ್ರು, ನಾನೂ ತಿರುಗ್ದೆ. ಅವ್ರು ನನ್ ಕಡೆ ನೋಡ್ತಾನೇ ಇದ್ರು. ನೋಡಿದಾರೆ, ನಿಲ್ತಾರೆ ಅಂದ್ಕೊಂಡೆ. ಹಾರ್ನ್ ಯಾಕೆ ಸುಮ್ನೆ ಅಂತ ಹೊಡೀಲಿಲ್ಲ."

ದೀಪ ನೋಡಿದೆ. ನಡೆಯುವವರಿಗೆ ಹಸಿರು ಮನುಷ್ಯ ಮೂಡಿದಾಗಲೇ ಎಡಕ್ಕೆ ತಿರುಗುವವರಿಗೂ ದಾರಿ ಬಿಟ್ಟಿತ್ತು. ಅಪ್ಪನ ಕಡೆ ನ್ಯಾಯವಿತ್ತು, ಆಕೆಯ ಕಡೆಯೂ ನ್ಯಾಯವಿತ್ತು. ಇಬ್ಬರು ನ್ಯಾಯವಂತರನ್ನು ಒಂದೇ ಗಳಿಗೆಗೆ ಒಂದೇ ಜೀಬ್ರಾ ಪಟ್ಟೆಯ ಮೇಲೆ ಕಳಿಸಿದ ಸಿಗ್ನಲ್ ಮಾತ್ರ ಮೇಲೆ ನಿಂತು ಮಿನುಗುತ್ತಿತ್ತು. ನನ್ನ ಸಿಟ್ಟನ್ನು ಎಲ್ಲಿ ಇಳಿಸಲಿ? ಕೊನೆಗೆ ಆಕೆಯ ಚೀಲಗಳನ್ನು ನಾನೇ ಎತ್ತಿಕೊಟ್ಟೆ. ಅವರು ತಮ್ಮ ನೀರಿನ ಬಾಟಲಿಯಿಂದ ಅಪ್ಪನ ಮುಖ ತೊಳೆದರು.

ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಅಪ್ಪ ಅಂದದ್ದು ಒಂದೇ ಮಾತು. "ಉತ್ರ ಬಂದಿತ್ತು ಕಣಮ್ಮ. ಎಲ್ಲ ನಿಂತಿತ್ತು. ನಾನು ಸರ್‍ಯಾಗೇ ಕೇಳಿಸ್ಕೊಂಡಿದ್ದೆ."

ಮಾರನೆಯ ದಿನ ಸಿಗ್ನಲ್‌ನಲ್ಲಿ ನಿಂತಿದ್ದ ಪೊಲೀಸಿನವರ ಹತ್ತಿರ ಹೋದೆ. ವಯಸ್ಸಾದವರು, ಒಳ್ಳೆಯವರು, ಮುಖಕ್ಕೆ ಮಾಸ್ಕು, ಕಣ್ಣು ಕೆಂಪು. ನನ್ನ ಮಾತನ್ನೆಲ್ಲ ಕೇಳಿದರು, ನಡುವೆ ಎರಡು ಸಲ ಸೀಟಿ ಊದಿದರು. "ಮೇಡಂ, ನಿಜ ಹೇಳ್ತೀನಿ, ನಮ್ಮನ್ನ ಇಲ್ಲಿ ಹಾಕಿರೋದು ಗಾಡಿ ನಿಲ್ಸಕ್ಕಲ್ಲ, ಗಾಡಿ ಓಡ್ಸಕ್ಕೆ. ಒಂದ್ ನಿಮಿಷ ಜಾಸ್ತಿ ನಿಲ್ಸಿದ್ರೆ ಹಿಂದೆ ಎಲ್ಲೀವರ್ಗೂ ಜಾಮ್ ಆಗತ್ತೆ, ಮೇಲಿಂದ ಫೋನ್ ಬರತ್ತೆ. ನಮ್ ತಾಯಿಗೂ ಇದೇ ಕತೆ. ಬರ್ಬೇಡಮ್ಮ ರೋಡಿಗೆ ಅಂತೀನಿ, ಅಷ್ಟೇ." ಫ್ರೀ ಲೆಫ್ಟ್ ತೆಗೆಯಬೇಕಾದವರು ಬೇರೆ, ಟೈಮರ್ ಹಾಕುವವರು ಬೇರೆ, ಪಟ್ಟೆ ಬಳಿಯುವವರು ಇನ್ನೂ ಬೇರೆ ಎಂದು ವಿವರಿಸಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಕೇಳಬಹುದಿತ್ತು. ಅವರ ಕೆಂಪು ಕಣ್ಣು ನೋಡಿ ಕೇಳಲಿಲ್ಲ. ನಾನು ಹೋದ ಬೇರೆ ಕಡೆಗಳಲ್ಲೂ ಎಲ್ಲರೂ ಮರ್ಯಾದೆಯಾಗಿಯೇ ಮಾತನಾಡಿಸಿದರು. ಯಾರಾದರೂ ಒಬ್ಬರು ಒರಟಾಗಿ ನಡೆದುಕೊಂಡಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಆ ದಿನಗಳಲ್ಲಿ ಕಚೇರಿಯಿಂದ ಬರುವಾಗ ಒಂದು ವಿಷಯ ಮನಸ್ಸಿಗೆ ಬಂತು. ಶಿವಾಜಿನಗರದಲ್ಲಿ ಮಾರುಕಟ್ಟೆಯ ಹಿಂದಿನ ರಸ್ತೆಯನ್ನು ನಾನು ದಿನಾ ದಾಟುತ್ತೇನೆ. ಅಲ್ಲಿ ಸಿಗ್ನಲ್ಲೂ ಇಲ್ಲ, ಪಟ್ಟೆಯೂ ಇಲ್ಲ. ತಳ್ಳುಗಾಡಿ, ಬುರ್ಖಾ ಹಾಕಿದ ಹೆಂಗಸರ ಗುಂಪು, ಕುರಿ ಇಳಿಸುವ ಟೆಂಪೋ, ಬಸ್ಸು ಎಲ್ಲ ಒಂದರೊಳಗೊಂದು. ಆದರೂ ಅಲ್ಲಿ ನನಗೆ ಭಯವಾಗಿಲ್ಲ. ಅಲ್ಲಿ ಗಾಡಿಯವನು ನನ್ನ ಮುಖ ನೋಡುತ್ತಾನೆ. ನಾನು ಅಂಗೈ ಚಾಚಿದರೆ, "ಹೋಗಮ್ಮ, ಹೋಗು" ಎಂದು ಗೊಣಗಿಕೊಂಡಾದರೂ ಬಿಡುತ್ತಾನೆ. ನಮ್ಮ ಸಿಗ್ನಲ್‌ನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರ ಕಣ್ಣೂ ದೀಪದ ಮೇಲೆ. ಹಿಂದೆ ಇದೇ ರಸ್ತೆಯಲ್ಲಿ ಪಾಳಿ ಬಿಟ್ಟ ಹೊತ್ತಿಗೆ ಕಾರ್ಖಾನೆಯ ಸೈಕಲ್ಲುಗಳು ಹಿಂಡಾಗಿ ಬಂದರೆ ಪೊಲೀಸರು ಲಾರಿಗಳನ್ನೇ ತಡೆದು ನಿಲ್ಲಿಸುತ್ತಿದ್ದರು ಎಂದು ಅಪ್ಪ ಹೇಳುತ್ತಾರೆ. ಈಗ ಅಪರೂಪಕ್ಕೆ ಒಬ್ಬ ಸೈಕಲ್ಲಿನವನು ಬಂದರೆ, ಬಸ್ಸಿಗೂ ಫುಟ್‌ಪಾತಿಗೂ ನಡುವೆ ಸಿಕ್ಕಿಕೊಂಡು, ಅತ್ತ ದರಿ ಇತ್ತ ಪುಲಿ ಎಂದು ಒಂದು ಕಾಲು ಊರಿ ನಿಂತಿರುತ್ತಾನೆ.

ಅಪ್ಪ ಹೊರಗೆ ಹೋಗುವುದನ್ನು ಬಿಟ್ಟರು. ಇಷ್ಟು ದಿನ ನಾನು ಬೇಡಿಕೊಂಡದ್ದು ಅದನ್ನೇ. ಆದರೆ ಕೊನೆಗೆ ಅದು ಸಿಕ್ಕಿದಾಗ ನನಗೆ ಬೇಡವಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಷರಟು ಬದಲಾಯಿಸಿ, ಕೋಲು ಹಿಡಿದು, ವರಾಂಡದ ಕುರ್ಚಿಯಲ್ಲಿ ಕೂರುತ್ತಿದ್ದರು. ರಸ್ತೆಯ ಸದ್ದು ಅಲ್ಲಿಗೆ ಕೇಳುತ್ತದೆ. "ಈಗ ಬಿತ್ತು" ಎನ್ನುವರು. ಸ್ವಲ್ಪ ಹೊತ್ತಾದ ಮೇಲೆ, "ಬಿಟ್ಟ". ಕೂತಲ್ಲೇ ಎಷ್ಟು ಸಲ ದಾಟುತ್ತಿದ್ದರೋ.

ಫೋನಿನಲ್ಲಿ ಮಾತನಾಡಿಸೋಣ ಎಂದು ನೋಡಿದೆ. ಚಾಚಾ ಮಂಚದ ಸರಳನ್ನು ತಟ್ಟುವಾಗ ಅವರ ಹೆಂಡತಿ ಪಕ್ಕದಲ್ಲೇ ಫೋನ್ ಹಿಡಿದರು. ಇಲ್ಲಿ ಏನೂ ಕೇಳಿಸಲಿಲ್ಲ. ಈಗಿನ ಫೋನುಗಳು ಮಾತನ್ನು ಮಾತ್ರ ಆರಿಸಿ ಕಳಿಸುತ್ತವಂತೆ, ಮಿಕ್ಕಿದ್ದನ್ನೆಲ್ಲ ಗಲಾಟೆ ಎಂದು ನುಂಗುತ್ತವಂತೆ. ಆಟೋ ಬುಕ್ ಮಾಡಿದರೆ ಇಷ್ಟು ಹತ್ತಿರಕ್ಕೆ ಯಾರೂ ಬರುವುದಿಲ್ಲ. ಒಂದು ಭಾನುವಾರ ಬಂದವನು ಯೂ ಟರ್ನ್ ಹುಡುಕಿಕೊಂಡು ಎಲ್ಲೆಲ್ಲೋ ಸುತ್ತಿಸಿದ. "ಸುಡುಗಾಡಿಗೂ ಇಷ್ಟು ದೂರ ಇಲ್ಲ" ಎಂದರು ಅಪ್ಪ. ನಡೆಯುವವರ ಮೇಲ್ಸೇತುವೆ ಇರುವುದು ಬಹಳ ಆಚೆ, ಮತ್ತೆ ಕಾಣದವರಿಗೆ ಆ ಮೆಟ್ಟಿಲುಗಳೂ ಒಂದು ರಸ್ತೆಯೇ.

ಪ್ಲಾಸ್ಟರ್ ಬಿಚ್ಚಿದ ವಾರದ ಕೊನೆಗೆ ಚಾಚಾನ ಹೆಂಡತಿ ಫೋನ್ ಮಾಡಿದರು.

"ಬೇಟಿ, ನೆನ್ನೆಯಿಂದ ಅವ್ರು ಊಟ ಸರಿಯಾಗಿ ಮಾಡ್ತಾ ಇಲ್ಲ. ಮಂಚ ತಟ್ತಾರೆ, ಎರಡ್ ಸಲ. ಆಮೇಲೆ ಸುಮ್ನೆ ಬಾಗ್ಲು ನೋಡ್ತಾರೆ. ಮತ್ತೆ ಎರಡ್ ಸಲ. ನೀರು ಕೊಟ್ರೆ ಬೇಡ, ಮಾತ್ರೆ ಕೊಟ್ರೆ ಬೇಡ. ನಿಮ್ ಅಬ್ಬಾನ್ನ ಕೇಳ್ತಾ ಅವ್ರೆ ಅನ್ಸತ್ತೆ ನಂಗೆ."

ನಾನು ಅಪ್ಪನಿಗೆ ಹೇಳಿದೆ. ಅವರು ಎದ್ದು ನಿಂತರು. "ಉತ್ರ ಬಂದಿಲ್ಲ ಅಂತ ಕಾಯ್ತಿದಾನೆ. ನಡಿ" ಎಂದರು. ಆಟೋಗಾಗಿ ಫೋನ್ ಒತ್ತಿದೆ. ಒಬ್ಬ ಒಪ್ಪಿ ರದ್ದು ಮಾಡಿದ, ಇನ್ನೊಬ್ಬನೂ ಹಾಗೆಯೇ ಮಾಡಿದ. "ನಡ್ಕೊಂಡೇ ಹೋಗೋಣ. ನೀನಿದ್ಯಲ್ಲ" ಎಂದರು.

ಸಂಜೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಕಂಬದ ಹತ್ತಿರ ಅಪ್ಪ ನಿಂತು ಎಂದಿನಂತೆ ಎರಡು ಸಲ ತಟ್ಟಿದರು. ಕೆಂಪು ಬಿತ್ತು. ಬಸ್ಸು ಉಸಿರು ಬಿಟ್ಟಿತು, ಆಟೋಗಳು ನಿಂತವು. ಒಬ್ಬೊಬ್ಬರಾಗಿ ಬೈಕಿನವರು ಆಫ್ ಮಾಡಿದರು. ಅಪ್ಪ ಕದಲಲಿಲ್ಲ. ಹಸಿರು ಬಂತು, ಎಲ್ಲ ಹೋಯಿತು, ಮತ್ತೆ ಕೆಂಪು.

"ಬನ್ನಿ ಅಪ್ಪ, ನಾನು ಕೈ ಹಿಡ್ಕೊಂಡಿದೀನಿ."

"ನಂಗೆ ಗೊತ್ತಾಗ್ತಿಲ್ಲ ಕಣಮ್ಮ" ಎಂದರು. ಅಪ್ಪನ ಬಾಯಿಂದ ಆ ಮಾತನ್ನು ನಾನು ಎಂದೂ ಕೇಳಿರಲಿಲ್ಲ. "ಸದ್ದಿಲ್ಲ ಅಂದ್ರೆ ಗಾಡಿ ಇಲ್ಲ ಅಂತಾನಾ, ಇದೆ ಅಂತಾನಾ? ನೀನು ನೋಡು. ನೋಡಿ ನೀನೇ ತಟ್ಟು." ಕೋಲನ್ನು ನನ್ನ ಕೈಗೆ ಕೊಟ್ಟರು.

ಒಂದು ಸಲ ಕಂಬಕ್ಕೆ ಕೋಲು ತಾಗಿಸಿದರಾಯಿತು. ಅದಕ್ಕೇನು ಮಹಾ ವಿದ್ಯೆ ಬೇಕು ಎಂದು ಕೋಲೆತ್ತಿ ನಿಂತೆ. ಹಸಿರು ಮನುಷ್ಯ ಮೂಡಿದ. ನೇರ ಬರುವ ಗಾಡಿಗಳು ನಿಂತಿದ್ದವು. ಎಡಕ್ಕೆ ತಿರುಗುವವರು ತಿರುಗುತ್ತಲೇ ಇದ್ದರು. ಒಂದು ಕಾರು, ಅದರ ಬಾಲ ಹಿಡಿದು ಇನ್ನೊಂದು, ಸಂದಿಯಲ್ಲಿ ಒಂದು ಸ್ಕೂಟರು. ಅವರ ಮುಖ ನೋಡಿದೆ, ಅವರು ನನ್ನದನ್ನು ನೋಡಲಿಲ್ಲ. ಸ್ವಲ್ಪ ಬಿಡುವಾಯಿತು. ಈಗ, ಅಂದುಕೊಂಡೆ. ಬಸ್ಸಿನ ಮರೆಯಿಂದ ಏನೋ ಬಿಳಿಯದು ಸದ್ದಿಲ್ಲದೆ ಸರಿದು ಹೋಯಿತು. ಮನುಷ್ಯ ಮಿನುಗತೊಡಗಿದ, ಕೆಂಪಾದ. ಆಮೇಲಿನ ಸಲ ಎಡಗಡೆ ಖಾಲಿ ಇತ್ತು. ಆದರೆ ನಡುವಿನ ಮೆಟ್ರೋ ಕಂಬಗಳ ಆಚೆ ಏನಿದೆ ಎಂದು ಕಾಣಲಿಲ್ಲ. ಒಬ್ಬಳೇ ಆಗಿದ್ದರೆ ಓಡಿಬಿಡುತ್ತಿದ್ದೆ, ಎಲ್ಲರೂ ಓಡುವಂತೆ. ಅಪ್ಪನಿಗೆ ಓಡಲಾಗುವುದಿಲ್ಲ. ಅವರು ನನ್ನ ಪಕ್ಕದಲ್ಲಿ, ಕತ್ತು ವಾಲಿಸಿಕೊಂಡು, ಆ ಒಂದು ಸದ್ದಿಗಾಗಿ ಕಾಯುತ್ತಿದ್ದರು. ಅದು ಬಂದರೆ ಇಳಿದುಬಿಡುತ್ತಿದ್ದರು, ಮರುಮಾತಿಲ್ಲದೆ. ಇನ್ನೊಬ್ಬನ ಕೈ ಅದು ಎಂದು ಅವರೇ ಹೇಳಿದ್ದರು. ನನ್ನ ಕೈ ಮೇಲೆಯೇ ಉಳಿಯಿತು. ನನ್ನ ಎರಡು ಕಣ್ಣೂ ಚೆನ್ನಾಗಿವೆ, ಆದರೂ ಈಗ ಎಂದು ಹೇಳಲು ನನ್ನಿಂದ ಆಗಲಿಲ್ಲ.

"ತಟ್ಟಿದ್ಯಾ? ನಂಗೆ ಕೇಳಿಸ್ಲಿಲ್ಲ" ಎಂದರು.

"ಇಲ್ಲಪ್ಪ."

"ಪರವಾಗಿಲ್ಲ. ಗೊತ್ತಿಲ್ದೆ ತಟ್ಬೇಡ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೆಲಸ ಕಲಿಯಲು ಬಂದ ಹೊಸಬಳಿಗೆ ಹೇಳುವಂತೆ ಮೆತ್ತಗೆ ಹೇಳಿದರು. ನನಗೆ ಅಳು ಬಂತು, ಬಿಸಿಲಿನ ನೆಪದಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡೆ.

ಅಷ್ಟರಲ್ಲಿ ಚೀಲದಲ್ಲಿ ಫೋನ್ ಬಡಿದುಕೊಂಡಿತು. ಚಾಚಾನ ಮನೆಯದೇ. ಎಲ್ಲಿದ್ದೀರಿ, ಚಹಾ ಇಟ್ಟಿದ್ದೇನೆ ಎಂದರು ಅವರ ಹೆಂಡತಿ. ರಸ್ತೆ ದಾಟಬೇಕಷ್ಟೆ ಎಂದೆ. ಅಪ್ಪ ಕೈ ಚಾಚಿದರು, ಫೋನ್ ಕೊಟ್ಟೆ. "ಅವನ ಹತ್ರ ಹಿಡೀರಿ" ಎಂದರು. ಮತ್ತೆ ಕೆಂಪು ಬಿದ್ದು ಗಾಡಿಗಳೆಲ್ಲ ನಿಂತವು. ಆ ಫೋನಿನಲ್ಲಿ ಚಾಚಾನ ತಟ್ಟು ಕೇಳಿಸುವುದಿಲ್ಲ ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೂ ಅಪ್ಪ ಕಂಬಕ್ಕೊರಗಿ, ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು, ಕೇಳುತ್ತಲೇ ನಿಂತಿದ್ದರು.